ಫಾರಿನ್ ಸೊಸೆ, ಫಾರಿನ್ ಅಳಿಯ: ವೀಸಾ ಆರಿಸುವ ಮೊದಲು ಊರು ಆರಿಸಿ

ನಾನು ಮಾಡಿದ ಮೊದಲ ತಪ್ಪು ಲೆಕ್ಕದ್ದು. 2023ರ ಜನವರಿಯಲ್ಲಿ ದುಬೈಯಿಂದ 45 ದಿನದ ರಜೆ ಹಾಕಿ ಕಲಬುರಗಿಗೆ ಬಂದೆ. ರಿಜಿಸ್ಟರ್ ಮದುವೆಗೆ ನೋಟಿಸ್ ಕೊಟ್ಟು 30 ದಿನ ಕಾಯಬೇಕು ಅನ್ನೋದು ಗೊತ್ತಿತ್ತು. ಇನ್ನೂ 15 ದಿನ ಕೈಯಲ್ಲಿ ಉಳಿಯುತ್ತದೆ, ಅವಳನ್ನು ಗಾಣಗಾಪುರಕ್ಕೆ, ಬೀದರ್ ಕೋಟೆಗೆ ಕರೆದುಕೊಂಡು ಹೋಗಬಹುದು ಅಂದುಕೊಂಡಿದ್ದೆ. ಆದರೆ ನೋಟಿಸ್ ಕೊಡುವ ಮೊದಲೇ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸ ಇರಬೇಕಂತೆ. ಉಪನೋಂದಣಿ ಕಚೇರಿಯ ಗುಮಾಸ್ತರು ನನ್ನ ಪಾಸ್‌ಪೋರ್ಟಿನ ಸೀಲು ನೋಡಿ, 'ನೀವು ಬಂದು ನಾಕು ದಿನ ಆಗ್ಯಾದಲ್ರೀ, ಮುಂದಿನ ತಿಂಗಳು ಬರ್ರಿ' ಅಂದರು. 30 ಮತ್ತು 30, ಅರವತ್ತು ದಿನ. ಉಳಿದ ದಿನಗಳಿಗೆ ಸಂಬಳ ಇಲ್ಲದ ರಜೆ ಹಾಕಿದೆ.

ನನ್ನ ಹೆಂಡತಿ ಫಿಲಿಪ್ಪೀನ್ಸ್‌ನವಳು. ದುಬೈಯ ಒಂದು ಆಸ್ಪತ್ರೆಯಲ್ಲಿ ಅವಳು ನರ್ಸ್, ನಾನು ಲ್ಯಾಬ್ ಟೆಕ್ನಿಷಿಯನ್. ಈಗ ಇಬ್ಬರೂ ಕಲಬುರಗಿಯಲ್ಲೇ ಇದ್ದೇವೆ. ನಮ್ಮ ಕಥೆ ಊರಲ್ಲಿ ಹಬ್ಬಿದ ಮೇಲೆ ಜನ ಕೇಳುವುದು ಜಾಸ್ತಿಯಾಯಿತು. ಯಾದಗಿರಿಯಿಂದ ಒಬ್ಬರು, ಬಸವಕಲ್ಯಾಣದಿಂದ ಒಬ್ಬರು, ನಮ್ಮ ಓಣಿಯವರೇ ಇಬ್ಬರು. ಎಲ್ಲರದೂ ಒಂದೇ ಪ್ರಶ್ನೆ: 'ಯಾವ ವೀಸಾ ಹಾಕಬೇಕ್ರಿ?'

ಆ ಪ್ರಶ್ನೆ ಎರಡನೆಯದು. ಮದುವೆಯಾದ ಮೇಲೆ ಮುಂದಿನ ಐದು ವರ್ಷ ಯಾವ ಊರಲ್ಲಿ ಇರುತ್ತೀರಿ ಅನ್ನೋದು ಮೊದಲನೆಯದು. ಅದಕ್ಕೆ ಇಬ್ಬರೂ ಕೂತು ಉತ್ತರ ಹೇಳಿಕೊಂಡರೆ ಅರ್ಧಕ್ಕಿಂತ ಹೆಚ್ಚು ದಾರಿಗಳು ತಾವಾಗಿಯೇ ಬಿಟ್ಟುಹೋಗುತ್ತವೆ. ಹೇಳಿಕೊಳ್ಳದೆ ಬೇಗ ಸಿಗುವ ವೀಸಾ ಹಿಡಿದರೆ, ಎರಡನೇ ವರ್ಷಕ್ಕೆ ಒಬ್ಬರು ಕೆಲಸ ಮಾಡುವ ಹಾಗಿಲ್ಲದೆ ಮನೆಯಲ್ಲಿ ಕೂತು ಗೋಡೆ ನೋಡುವ ಸ್ಥಿತಿ ಬರುತ್ತದೆ. ನಾನು ವಕೀಲ ಅಲ್ಲ, ಅರ್ಜಿ ಹಾಕಿ ಏಟು ತಿಂದವನು ಅಷ್ಟೇ. ನಿಯಮ, ಫೀಸು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ಸರ್ಕಾರಿ ಜಾಲತಾಣ ತೆರೆದು ಇನ್ನೊಮ್ಮೆ ನೋಡಿ.

ಇಲ್ಲೇ ಇರುತ್ತೀರಿ ಅಂದರೆ

ಮೊದಲು ಮದುವೆ ಯಾವ ಕಾಯ್ದೆಯಲ್ಲಿ ಆಗಬೇಕು ಅನ್ನೋದನ್ನು ನೋಡಿ. ಮುಂದಿನ ಎಲ್ಲ ಅರ್ಜಿಗೂ ಬುಡ ಅದೇ.

ನಮ್ಮ ಕಡೆ ಜನ ಸಾಮಾನ್ಯವಾಗಿ ಗುಡಿಯಲ್ಲಿ ತಾಳಿ ಕಟ್ಟಿ, ಫೋಟೋ ತೆಗೆದು, ಮದುವೆ ಮುಗಿಯಿತು ಅಂದುಕೊಳ್ಳುತ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ರಿಜಿಸ್ಟರ್ ಆಗಬೇಕಾದರೆ ಇಬ್ಬರೂ ಆ ಕಾಯ್ದೆಯ ಅರ್ಥದಲ್ಲಿ ಹಿಂದೂ ಆಗಿರಬೇಕು. ಲಿಂಗಾಯತ, ಬೌದ್ಧ, ಜೈನ, ಸಿಖ್ಖರೂ ಅದರಲ್ಲಿ ಬರುತ್ತಾರೆ. ಕ್ರಿಶ್ಚಿಯನ್ ಹುಡುಗಿ ಬರೋದಿಲ್ಲ, ಶರಣಬಸವೇಶ್ವರ ಗುಡಿಯಲ್ಲಿ ಎಷ್ಟೇ ಚೆಂದಾಗಿ ಮದುವೆಯಾದರೂ. ಹಾಗಾಗಿ ಧರ್ಮ ಬೇರೆ ಇದ್ದವರಿಗೆ 1954ರ ವಿಶೇಷ ವಿವಾಹ ಕಾಯ್ದೆಯೇ ನೇರ ದಾರಿ. ನೋಟಿಸ್ ಕೊಡಬೇಕು, ಅದನ್ನು ಕಚೇರಿಯ ಬೋರ್ಡಿಗೆ ಅಂಟಿಸುತ್ತಾರೆ, 30 ದಿನದೊಳಗೆ ಯಾರಾದರೂ ಆಕ್ಷೇಪ ಹೇಳಬಹುದು. ಆಮೇಲೆ ಮೂರು ಜನ ಸಾಕ್ಷಿಗಳ ಮುಂದೆ ಸಹಿ. ಆಕ್ಷೇಪ ಅಂದರೆ ಮನೆಯವರಿಗೆ ಇಷ್ಟ ಇಲ್ಲ ಅನ್ನೋದಲ್ಲ. ಮೊದಲೇ ಮದುವೆಯಾಗಿ ಗಂಡ ಅಥವಾ ಹೆಂಡತಿ ಇದ್ದಾರೆ, ವಯಸ್ಸು ಸಾಲದು, ಮದುವೆ ಕೂಡದ ರಕ್ತಸಂಬಂಧ, ಇಂಥ ಕಾರಣ ಬೇಕು. ನೋಟಿಸ್ ಕೊಟ್ಟ ಮೇಲೆ ಮೂರು ತಿಂಗಳೊಳಗೆ ಮದುವೆ ಮುಗಿಸಬೇಕು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ.

ಬೋರ್ಡಿನ ವಿಷಯ ಒಂದು ಮಾತು. ಅದರಲ್ಲಿ ಹೆಸರು, ವಿಳಾಸ ಎಲ್ಲ ಇರುತ್ತದೆ, ಯಾರು ಬೇಕಾದರೂ ಓದಬಹುದು. ಹೊಲದ ರಿಜಿಸ್ಟ್ರಿಗೆ ಅಂತ ಬಂದಿದ್ದ ನಮ್ಮ ಕಾಕಾ ಅದನ್ನು ಓದಿ, ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದರು. ನಾನು ಮನೆಯಲ್ಲಿ ಹೇಳಿದ್ದೆ, ಬಚಾವಾದೆ. ನೀವು ಹೇಳಿಲ್ಲದಿದ್ದರೆ ನೋಟಿಸ್ ಕೊಡುವ ಮೊದಲು ಹೇಳಿಬಿಡಿ.

ಗುಡಿಯಲ್ಲೋ ಚರ್ಚಿನಲ್ಲೋ ಮದುವೆ ಆಗಿಹೋಗಿದ್ದರೆ ಗಾಬರಿ ಬೇಡ. ಅದೇ ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ ಆಮೇಲೆ ರಿಜಿಸ್ಟರ್ ಮಾಡಿಸಬಹುದು, ಅದಕ್ಕೂ 30 ದಿನ ಕಾಯಬೇಕು. ಆದರೆ ತಡ ಮಾಡಬೇಡಿ, ಯಾಕೆ ಅಂತ ಓಸಿಐ, ಅಂದರೆ ಭಾರತೀಯರನ್ನು ಮದುವೆಯಾದ ವಿದೇಶಿಯರಿಗೂ ಸಿಗುವ ದೀರ್ಘಕಾಲದ ಕಾರ್ಡಿನ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ವಿದೇಶದಲ್ಲೇ ಮದುವೆ ಆಗೋದಾದರೆ ಎರಡು ದಾರಿ. ಅಲ್ಲಿರುವ ಭಾರತೀಯ ದೂತಾವಾಸದಲ್ಲಿ 1969ರ ವಿದೇಶಿ ವಿವಾಹ ಕಾಯ್ದೆಯ ಪ್ರಕಾರ ಆಗಬಹುದು. ಇಲ್ಲವೇ ಆ ದೇಶದ ಕಾನೂನಿನ ಪ್ರಕಾರ ಆಗಿ, ಆ ಸರ್ಟಿಫಿಕೇಟಿಗೆ ಅಪೋಸ್ಟಿಲ್, ಅಂದರೆ ಒಪ್ಪಂದದ ದೇಶಗಳೆಲ್ಲ ಒಪ್ಪುವ ಒಂದೇ ಸರ್ಕಾರಿ ಸೀಲು, ಮಾಡಿಸಿ ತರಬಹುದು. ಅಬುಧಾಬಿಯಲ್ಲಿ 2021ರ ಕಾನೂನು ಬಂದ ಮೇಲೆ ವಿದೇಶಿಯರು ಸಿವಿಲ್ ಮದುವೆ ಆಗಬಹುದು, ನಮ್ಮ ಆಸ್ಪತ್ರೆಯವರೇ ಕೆಲವರು ಆದರು. ಆದರೆ ಯುಎಇ ಅಪೋಸ್ಟಿಲ್ ಒಪ್ಪಂದದಲ್ಲಿ ಇಲ್ಲ. ಅಲ್ಲಿಯ ವಿದೇಶಾಂಗ ಇಲಾಖೆ, ಆಮೇಲೆ ನಮ್ಮ ದೂತಾವಾಸ, ಹೀಗೆ ಸೀಲಿನ ಮೇಲೆ ಸೀಲು ಹಾಕಿಸಬೇಕು. ನಾವು ಅವ್ವನ ಕಣ್ಣೆದುರು ಆಗಲಿ ಅಂತ ಊರಿಗೇ ಬಂದೆವು.

ವಿದೇಶಿ ಹುಡುಗಿ ಅಥವಾ ಹುಡುಗ ಅವಿವಾಹಿತ ಅನ್ನೋದಕ್ಕೆ ಅವರ ದೇಶದ ಕಾಗದ ಬೇಕೇ ಬೇಕು. ಫಿಲಿಪ್ಪೀನ್ಸ್‌ನವರಿಗೆ ದೆಹಲಿಯಲ್ಲಿರುವ ಅವರ ದೂತಾವಾಸ ಮದುವೆಯಾಗಲು ಕಾನೂನಿನ ಅಡ್ಡಿ ಇಲ್ಲ ಅಂತ ಪ್ರಮಾಣಪತ್ರ ಕೊಡುತ್ತದೆ. ಅದಕ್ಕೂ ಮೊದಲು ಅವರ ಅಂಕಿಅಂಶ ಇಲಾಖೆಯಿಂದ, ಇವಳ ಹೆಸರಲ್ಲಿ ಮದುವೆ ದಾಖಲೆ ಇಲ್ಲ ಅನ್ನೋ ಸರ್ಟಿಫಿಕೇಟ್ ತರಿಸಬೇಕು. ನನ್ನವಳು ಇದನ್ನು ಊರಿಗೆ ಬರುವ ಮೊದಲೇ ಮಾಡಿಸಿಕೊಂಡಿದ್ದಳು. ನಮ್ಮಿಬ್ಬರಲ್ಲಿ ಲೆಕ್ಕ ಬರುವವಳು ಅವಳೇ.

ಈಗ ವೀಸಾ

ಟೂರಿಸ್ಟ್ ವೀಸಾದಲ್ಲಿ ಬಂದು ಇಲ್ಲಿ ಮದುವೆಯಾಗಿ, ಅದನ್ನೇ ಎಕ್ಸ್ ವೀಸಾಕ್ಕೆ ಬದಲಿಸಿ ಅಂತ ಬಹಳ ಜನ ಹೇಳುತ್ತಾರೆ. ಎಕ್ಸ್ ವೀಸಾ ಅಂದರೆ ಎಂಟ್ರಿ ವೀಸಾ, ಭಾರತೀಯರ ಗಂಡ ಹೆಂಡತಿ ಮಕ್ಕಳಿಗೆ ಕೊಡುವುದು. ಭಾರತೀಯರನ್ನು ಮದುವೆಯಾದವರಿಗೆ ಹೀಗೆ ಬದಲಿಸಿಕೊಳ್ಳುವ ಅವಕಾಶ ಇದೆ, ಸುಳ್ಳಲ್ಲ. ಆದರೆ ಆನ್‌ಲೈನ್‌ನಲ್ಲಿ ಸಿಗುವ ಇ-ವೀಸಾ ಬದಲಾಯಿಸಲಾಗದ್ದು ಅಂತ ಅದರ ನಿಯಮದಲ್ಲೇ ಬರೆದಿದೆ, ಅದನ್ನು ನಂಬಿ ಪ್ಲ್ಯಾನ್ ಹಾಕಬೇಡಿ. ನನ್ನ ಮಟ್ಟಿಗೆ ಎರಡನೇ ದಾರಿಯೇ ನೆಮ್ಮದಿಯದು: ಮದುವೆಯಾಗಿ, ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಅವರು ವಾಪಸ್ ಹೋಗಿ, ಅಲ್ಲಿಂದ ಎಕ್ಸ್ ವೀಸಾ ಹಾಕಿ ಬರುವುದು. ಒಂದು ವಿಮಾನದ ಖರ್ಚು ಜಾಸ್ತಿ, ಒಂದೆರಡು ತಿಂಗಳ ವಿರಹ ಜಾಸ್ತಿ. ಆದರೆ ಟೂರಿಸ್ಟ್ ವೀಸಾ ಮುಗಿಯುವ ತಾರೀಖು ಹತ್ತಿರ ಬಂತು, ಅರ್ಜಿ ಇನ್ನೂ ಬಾಕಿ ಅಂತ ರಾತ್ರಿ ನಿದ್ದೆಗೆಡುವುದು ತಪ್ಪುತ್ತದೆ. ನಾವು ಹೀಗೇ ಮಾಡಿದೆವು.

ಎಕ್ಸ್ ವೀಸಾ ಬಂದ ಮೇಲೆ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಸ್ಟಿಕ್ಕರ್ ಮೇಲಿನ ಸಣ್ಣ ಅಕ್ಷರ ಓದಿ. 180 ದಿನಕ್ಕಿಂತ ಹೆಚ್ಚು ಇರುವ ಹಾಗಿದ್ದರೆ ಬಂದ 14 ದಿನದೊಳಗೆ ನೋಂದಣಿ ಮಾಡಿಸಬೇಕು. ಇದು ಈಗ ಆನ್‌ಲೈನ್, ಇ-ಎಫ್‌ಆರ್‌ಆರ್‌ಓ (ವಿದೇಶಿಯರ ನೋಂದಣಿ ಕಚೇರಿಯ ಜಾಲತಾಣ) ಅಂತ 2018ರಲ್ಲಿ ಬಂದದ್ದು. ಬೀದರ್‌ನವರು ಇಲ್ಲೊಂದು ತಪ್ಪು ಮಾಡುತ್ತಾರೆ. ಬೀದರ್‌ನಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರ್, ಆಸ್ಪತ್ರೆಗೂ ಅಲ್ಲಿಗೇ, ಬಟ್ಟೆಗೂ ಅಲ್ಲಿಗೇ, ಹಾಗಾಗಿ ಫಾರಿನರ್ ಕೆಲಸವೂ ಅಲ್ಲೇ ಆಗುತ್ತದೆ ಅಂದುಕೊಳ್ಳುತ್ತಾರೆ. ಆಗೋದಿಲ್ಲ. ನೀವು ವಾಸ ಇರುವುದು ಕರ್ನಾಟಕದಲ್ಲಿ, ನಿಮ್ಮ ಫೈಲು ಹೋಗುವುದು ಬೆಂಗಳೂರಿಗೆ. ಜಿಲ್ಲೆಯಲ್ಲಿ ಎಸ್‌ಪಿ ಕಚೇರಿ ಈ ಕೆಲಸ ನೋಡುತ್ತದೆ. ಒಂದು ಸಲ ಎಸ್‌ಪಿ ಕಚೇರಿಯ ವಿದೇಶಿಯರ ಶಾಖೆಗೆ ಹೋಗಿ, ಮುಖ ತೋರಿಸಿ, ಹೆಸರು ಹೇಳಿ ಬನ್ನಿ. ಅವರಿಗೂ ನಮ್ಮ ಊರಲ್ಲಿ ಇಂಥ ಫೈಲು ಅಪರೂಪ.

ವೆರಿಫಿಕೇಶನ್‌ಗೆ ಪೊಲೀಸರು ಮನೆಗೆ ಬಂದ ದಿನ ನಾನು ಲ್ಯಾಬಿನಲ್ಲಿದ್ದೆ. ಅವ್ವ ಆಮೇಲೆ ಹೇಳಿದ್ದು. ಹೆಂಡತಿ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳಂತೆ, ಮೊಣಕೈವರೆಗೂ ಹಿಟ್ಟು. ಬಂದವರು ಬಾಗಿಲಲ್ಲಿ ನಿಂತು, 'ಫಾರಿನ್ ಸೊಸಿ ಎಲ್ಲದಾರ್ರೀ ಅವ್ವಾರ?' ಅಂದರಂತೆ. ಅವ್ವ ಒಲೆಯ ಕಡೆ ಕೈ ತೋರಿಸಿದಳು. ಅವರು ನಂಬಲಿಲ್ಲ, ಪಾಸ್‌ಪೋರ್ಟ್ ಕೇಳಿದರು. ಇವಳು ಕೈ ಒರೆಸಿಕೊಂಡು ಪಾಸ್‌ಪೋರ್ಟ್ ಕೊಟ್ಟು, 'ಕೂಡ್ರಿ, ಚಹಾ ಕುಡೀರಿ' ಅಂದಳಂತೆ. ಅವಳಿಗೆ ಆಗ ಬರುತ್ತಿದ್ದ ಕನ್ನಡ ಹೆಚ್ಚುಕಡಿಮೆ ಅಷ್ಟೇ. ಪಕ್ಕದ ಮನೆಯವರನ್ನೂ ಕೇಳಿ ಬರೆದುಕೊಂಡು ಹೋದರು. ಹಾಗಾಗಿ ಅಕ್ಕಪಕ್ಕದವರಿಗೆ ಮೊದಲೇ ಪರಿಚಯ ಮಾಡಿಸಿರಿ. 'ನಮಗೇನ್ ಗೊತ್ತಿಲ್ಲಪ್ಪ' ಅಂತ ಪಕ್ಕದ ಮನೆಯವರು ಅಂದರೆ ಪೊಲೀಸರು ಇನ್ನೊಂದು ಸಲ ಬರುತ್ತಾರೆ.

ಎಕ್ಸ್ ವೀಸಾದ ದೊಡ್ಡ ಕೊರತೆ ಕೆಲಸ. ಅದರಲ್ಲಿ ಸಂಬಳಕ್ಕೆ ದುಡಿಯುವ ಹಾಗಿಲ್ಲ. ಎಂಪ್ಲಾಯ್‌ಮೆಂಟ್ ವೀಸಾ ಬೇಕು ಅಂದರೆ ವರ್ಷಕ್ಕೆ 16.25 ಲಕ್ಷ ರೂಪಾಯಿ ಸಂಬಳ ಇರಬೇಕು ಅನ್ನೋದು ಸಾಮಾನ್ಯ ನಿಯಮ. ಕಲಬುರಗಿಯಲ್ಲಿ ನರ್ಸ್‌ಗೆ ಅಷ್ಟು ಕೊಡುವವರನ್ನು ತೋರಿಸಿದರೆ ನಾನೇ ಲ್ಯಾಬ್ ಮುಚ್ಚಿ ನರ್ಸಿಂಗ್ ಕಲಿಯುತ್ತೇನೆ. ದುಬೈಯಲ್ಲಿ ನನಗಿಂತ ಜಾಸ್ತಿ ದುಡಿಯುತ್ತಿದ್ದವಳು ಎರಡು ವರ್ಷ ಮನೆಯಲ್ಲಿ ಇದ್ದಳು. ಇದನ್ನು ನಾವು ಮೊದಲೇ ಮಾತಾಡಿಕೊಂಡಿದ್ದೆವು, ಆದರೂ ಕಷ್ಟವಾಯಿತು. ಮಾತಾಡದೇ ಬಂದವರ ಗತಿ ಊಹಿಸಿ.

ಎರಡು ವರ್ಷ ಯಾಕೆ? ಓಸಿಐಗೆ. ಮದುವೆ ರಿಜಿಸ್ಟರ್ ಆಗಿ, ಅರ್ಜಿಯ ದಿನದವರೆಗೆ ಸತತವಾಗಿ ಎರಡು ವರ್ಷವಾದರೂ ಸಂಸಾರ ನಡೆದಿರಬೇಕು. ರಿಜಿಸ್ಟರ್ ಅನ್ನೋ ಮಾತನ್ನು ಗಮನಿಸಿ. ಗುಡಿಯಲ್ಲಿ ತಾಳಿ ಕಟ್ಟಿದ ದಿನದಿಂದ ಲೆಕ್ಕ ಹಾಕಿಕೊಂಡು ಕೂತು, ರಿಜಿಸ್ಟರ್ ಮಾಡಿಸಿದ್ದು ಒಂದೂವರೆ ವರ್ಷ ಬಿಟ್ಟು ಅಂದರೆ ಕಾಯುವುದು ಅಷ್ಟೂ ಮುಂದಕ್ಕೆ ಹೋಗುತ್ತದೆ. ಭಾರತದಲ್ಲೇ ಅರ್ಜಿ ಹಾಕಿದರೆ ಫೀಸು 15,000 ರೂಪಾಯಿ, ಹೊರಗಿನಿಂದ 275 ಡಾಲರ್. ನನ್ನ ಪರಿಚಯದವರೊಬ್ಬರ ಹತ್ತಿರ ಒಬ್ಬ ಏಜೆಂಟ್, ಆರು ತಿಂಗಳಲ್ಲಿ ಓಸಿಐ ಕೊಡಿಸುತ್ತೇನೆ ಅಂತ 40,000 ತೆಗೆದುಕೊಂಡಿದ್ದ. ಅವರ ಮದುವೆಗೆ ಆಗ ಎಂಟು ತಿಂಗಳು. ಎರಡು ವರ್ಷದ ನಿಯಮ ಕಾಯ್ದೆಯಲ್ಲೇ ಇದೆ, ಅದನ್ನು ಯಾವ ಏಜೆಂಟನೂ ಕಡಿಮೆ ಮಾಡಲಾರ.

ಓಸಿಐ ಬಂದರೆ ಕೆಲಸ ಮಾಡಬಹುದು, ಬ್ಯಾಂಕು, ಮನೆ ಖರೀದಿ ಎಲ್ಲ ಎನ್‌ಆರ್‌ಐ ಹಾಗೆ. ನೋಂದಣಿ, ವೀಸಾ ನವೀಕರಣದ ಗೋಳು ಇಲ್ಲ. ಆದರೆ ವೋಟು ಇಲ್ಲ, ಸರ್ಕಾರಿ ನೌಕರಿ ಇಲ್ಲ, ಹೊಲ ಕೊಳ್ಳುವ ಹಾಗಿಲ್ಲ. ತೊಗರಿ ಹೊಲ ಸೊಸೆಯ ಹೆಸರಲ್ಲಿ ಖರೀದಿ ಮಾಡೋಣ ಅಂತ ನಮ್ಮ ಅಪ್ಪ ಪ್ರೀತಿಯಿಂದ ಹೊರಟಿದ್ದರು, ತಡೆದೆ. ವಿಚ್ಛೇದನ ಆದರೆ ಮದುವೆಯ ಮೇಲೆ ಸಿಕ್ಕ ಓಸಿಐ ರದ್ದಾಗಬಹುದು. ಇದನ್ನು ನಮ್ಮ ಹೆಣ್ಣುಮಕ್ಕಳನ್ನು ಮದುವೆಯಾಗಿ ಇಲ್ಲಿಗೆ ಬರುವ ಗಂಡಸರೂ ತಿಳಿದಿರಲಿ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಸರ್ಕಾರ ಓಸಿಐನವರ ವೀಸಾರಹಿತ ಪ್ರವೇಶವನ್ನೂ ನಿಲ್ಲಿಸಿತ್ತು. ಅಂದರೆ ಅದು ಬಹಳ ಒಳ್ಳೆಯ ವೀಸಾ, ಪೌರತ್ವ ಬೇರೆ.

ಪೌರತ್ವಕ್ಕೆ ಭಾರತೀಯರನ್ನು ಮದುವೆಯಾಗಿ ಏಳು ವರ್ಷ ಇಲ್ಲಿ ವಾಸ ಇರಬೇಕು, ಕೊನೆಯ 12 ತಿಂಗಳು ಹೊರಗೆ ಹೋಗದೆ. ಅರ್ಜಿ ಜಿಲ್ಲಾಧಿಕಾರಿ ಕಚೇರಿ ದಾಟಿ ಹೋಗುತ್ತದೆ. ಸಿಕ್ಕರೆ ತವರಿನ ಪಾಸ್‌ಪೋರ್ಟ್ ಬಿಡಬೇಕು, ನಮ್ಮಲ್ಲಿ ಎರಡು ಪೌರತ್ವ ಇಲ್ಲ. ನನ್ನವಳು ಬೇಡ ಅಂದಳು. ಅವಳ ಅಮ್ಮ ಅಲ್ಲಿದ್ದಾರೆ, ನಾನೂ ಒತ್ತಾಯ ಮಾಡಲಿಲ್ಲ.

ಮಕ್ಕಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಇಲ್ಲಿ ಹುಟ್ಟಿದ ಮಗುವಿಗೆ ತಂದೆ ತಾಯಿಯಲ್ಲಿ ಒಬ್ಬರು ಭಾರತೀಯರಾಗಿದ್ದು, ಹುಟ್ಟಿದ ಹೊತ್ತಿಗೆ ಇನ್ನೊಬ್ಬರು ಅಕ್ರಮ ವಲಸಿಗರಾಗಿರದಿದ್ದರೆ ಮಗು ಭಾರತೀಯ ಪ್ರಜೆ. ವೀಸಾ ಮುಗಿದ ಮೇಲೂ ಉಳಿದವರು ಕಾನೂನಿನ ಕಣ್ಣಲ್ಲಿ ಅಕ್ರಮ ವಲಸಿಗರೇ. ಹೆರಿಗೆ ಹತ್ತಿರ ಬಂತು, ವೀಸಾ ಆಮೇಲೆ ನೋಡೋಣ ಅನ್ನಬೇಡಿ. ಮೊದಲು ವೀಸಾ, ಆಮೇಲೆ ಸೀಮಂತ.

ಇನ್ನೊಂದು ಮಾತು, ಕಲಬುರಗಿ ಬೀದರ್‌ನ ಹಳೆಯ ಮನೆತನಗಳಲ್ಲಿ ಕೆಲವರಿಗೆ ಕರಾಚಿಯಲ್ಲಿ ನೆಂಟರಿದ್ದಾರೆ ಅಂತ ಹೇಳುತ್ತಿದ್ದೇನೆ. ಪಾಕಿಸ್ತಾನ, ಬಾಂಗ್ಲಾದೇಶದ ಪ್ರಜೆಗಳಿಗೆ, ಅವರ ತಂದೆ ತಾಯಿ ಅಜ್ಜ ಅಜ್ಜಿ ಆ ದೇಶದ ಪ್ರಜೆಗಳಾಗಿದ್ದರೂ, ಓಸಿಐ ಬಾಗಿಲು ಮುಚ್ಚಿದೆ. ಪಾಕಿಸ್ತಾನದವರಿಗೆ ದೀರ್ಘಾವಧಿ ವೀಸಾ ಅನ್ನೋ ಬೇರೆ ವ್ಯವಸ್ಥೆ ಇದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನಿಗಳ ಎಷ್ಟೋ ವೀಸಾಗಳನ್ನು ಸರ್ಕಾರ ರದ್ದು ಮಾಡಿದ್ದು ನಿಮಗೂ ನೆನಪಿರಬೇಕು. ಇಂಥ ಸಂಬಂಧಕ್ಕೆ ನನ್ನ ಮಾತು ಸಾಲದು, ವಕೀಲರನ್ನು ಹಿಡಿಯಿರಿ.

ಹೊರಗೆ ಹೋಗುತ್ತೀರಿ ಅಂದರೆ

ನಮ್ಮಲ್ಲಿ ಜಾಸ್ತಿ ಬರುವುದು ಅಮೆರಿಕದ ಪ್ರಶ್ನೆ. ಹುಡುಗ ಅಲ್ಲಿದ್ದಾನೆ ಅಂದ ಕೂಡಲೇ ಮೊದಲು ಕೇಳಬೇಕಾದ್ದು ಅವನ ಸಂಬಳ ಅಲ್ಲ, ಅವನ ಸ್ಟೇಟಸ್. ಸಿಟಿಜನ್ನಾ, ಗ್ರೀನ್ ಕಾರ್ಡಾ (ಖಾಯಂ ನಿವಾಸಿ), ಎಚ್-1ಬಿನಾ (ಕೆಲಸದ ವೀಸಾ)? ಮೂರಕ್ಕೂ ಹೆಂಡತಿಯ ದಾರಿ ಬೇರೆ ಬೇರೆ. ಎಚ್-1ಬಿ ಆದರೆ ಹೆಂಡತಿಗೆ ಎಚ್-4, ಬೇಗ ಸಿಗುತ್ತದೆ, ಆದರೆ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟುವವರೆಗೆ ಅವಳು ಕೆಲಸ ಮಾಡುವ ಹಾಗಿಲ್ಲ. ಗ್ರೀನ್ ಕಾರ್ಡಿನವನಾದರೆ ಎಫ್2ಎ ಅನ್ನೋ ಸಾಲಿನಲ್ಲಿ ಕಾಯಬೇಕು. ಸಿಟಿಜನ್ ಆದರೆ ಸಂಖ್ಯೆಯ ಮಿತಿ ಇಲ್ಲ, ಆದರೆ ಎರಡು ದಾರಿ ಇವೆ, ತಲೆಬಿಸಿ ಶುರುವಾಗುವುದೇ ಅಲ್ಲಿ.

ಒಂದು ಕೆ-1, ಮದುವೆಗೆ ಮೊದಲು ಹೋಗುವುದು. ಅರ್ಜಿಗೆ ಹಿಂದಿನ ಎರಡು ವರ್ಷದಲ್ಲಿ ಇಬ್ಬರೂ ಒಮ್ಮೆಯಾದರೂ ಮುಖಾಮುಖಿ ಭೇಟಿಯಾಗಿರಬೇಕು. ಅಲ್ಲಿಗೆ ಹೋದ 90 ದಿನದೊಳಗೆ ಮದುವೆಯಾಗಿ, ಆಮೇಲೆ ಗ್ರೀನ್ ಕಾರ್ಡಿಗೆ ಇನ್ನೊಂದು ಅರ್ಜಿ, ಇನ್ನೊಂದು ಫೀಸು, ಕೆಲಸದ ಪರವಾನಗಿ ಬರುವವರೆಗೆ ಮನೆಯಲ್ಲೇ. ಇನ್ನೊಂದು ಸಿಆರ್-1. ಮೊದಲು ಮದುವೆ, ಆಮೇಲೆ ಸಿಟಿಜನ್ ಆದವರು ಹಾಕುವ ಐ-130 ಅರ್ಜಿ, ಮುಂಬೈಯಲ್ಲಿ ಮೆಡಿಕಲ್ ಮತ್ತು ಸಂದರ್ಶನ. ವಿಮಾನ ಇಳಿದ ದಿನವೇ ಖಾಯಂ ನಿವಾಸಿ, ಕೆಲಸಕ್ಕೆ ಅಡ್ಡಿ ಇಲ್ಲ. ಇಳಿಯುವಾಗ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಎರಡು ವರ್ಷದ ಷರತ್ತಿನ ಕಾರ್ಡ್ ಸಿಗುತ್ತದೆ, ಅದು ಮುಗಿಯುವ ಮುಂಚಿನ 90 ದಿನದಲ್ಲಿ ಇಬ್ಬರೂ ಸೇರಿ ಷರತ್ತು ತೆಗೆಸುವ ಅರ್ಜಿ ಐ-751 ಹಾಕಬೇಕು. ಆ 90 ದಿನ ಮರೆಯಬೇಡಿ.

ಬೀದರ್‌ನ ನನ್ನ ಗೆಳೆಯನ ತಂಗಿಗೆ ಸಿಟಿಜನ್ ಹುಡುಗ ಸಿಕ್ಕಿದ್ದ. ಕೆ-1 ಬೇಗ ಅಂತ ಯಾರೋ ಹೇಳಿದ್ದರು. ನಾನು ಅವರ ನಿಶ್ಚಿತಾರ್ಥದ ಆಲ್ಬಂ ನೋಡಿ ಬೇಡ ಅಂದೆ. ಹುಡುಗ ಹುಡುಗಿ ಕೊರಳಲ್ಲಿ ಗುಲಾಬಿ ಹಾರ, ಹುಡುಗಿ ಮೈಮೇಲೆ ರೇಷ್ಮೆ ಸೀರೆ, ಹಿಂದೆ ಮುನ್ನೂರು ಜನ, ಮೇಲಿಂದ ಅಕ್ಷತೆ ಬೀಳುತ್ತಿದೆ. ನಮಗೆ ಅದು ನಿಶ್ಚಯ. ಕೌಂಟರಿನ ಆಚೆ ಕೂತ ಅಧಿಕಾರಿಗೆ ಅದು ಮದುವೆಯೇ. ಮದುವೆ ಆಗಿಹೋಗಿದೆ ಅಂತ ಅವರಿಗೆ ಅನಿಸಿದರೆ ಕೆ-1 ಸಿಗೋದಿಲ್ಲ, ಅದು ಮದುವೆಯಾಗದವರಿಗೆ ಮಾತ್ರ. ಅವರು ಮದುವೆ ಮುಗಿಸಿ ಸಿಆರ್-1 ಹಾಕಿದರು. ಅದೇ ಆಲ್ಬಂ ಆಗ ಸಂಬಂಧ ಖರೆ ಅನ್ನೋದಕ್ಕೆ ಸಾಕ್ಷಿಯಾಯಿತು. ನಮ್ಮ ಕಡೆಯ ಸಂಬಂಧಗಳಿಗೆ ಸಿಆರ್-1 ಅನ್ನೇ ನಾನು ಹೇಳುವುದು. ಇಲ್ಲಿ ಮದುವೆ ಮಾಡದೆ ಹುಡುಗಿಯನ್ನು ಅಮೆರಿಕಕ್ಕೆ ಕಳಿಸುವ ಅಪ್ಪ ಅವ್ವ ನನಗೆ ಇನ್ನೂ ಸಿಕ್ಕಿಲ್ಲ. ಸಂದರ್ಶನಕ್ಕೆ ಹೋಗಲು ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ನೇರ ಮುಂಬೈಗೆ ಬಿಡುತ್ತದೆ, ಆದರೆ ಮೆಡಿಕಲ್ಲಿಗೂ ಸಂದರ್ಶನಕ್ಕೂ ನಡುವೆ ಕೆಲವು ದಿನ ಇಟ್ಟುಕೊಳ್ಳಿ.

ಇಂಗ್ಲೆಂಡಿನಲ್ಲಿ ದುಡ್ಡಿನ ಲೆಕ್ಕ ಮೊದಲು. 2024ರ ಏಪ್ರಿಲ್ 11ರಿಂದ ಹೊಸ ಅರ್ಜಿಗೆ ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು, ಅದಕ್ಕೂ ಮೊದಲು 18,600 ಇತ್ತು. ಆದಾಯ ಇಲ್ಲದೆ ಬರೀ ಉಳಿತಾಯ ತೋರಿಸುವುದಾದರೆ 88,500 ಪೌಂಡ್. ಮುಖ್ಯ ಸಂಗತಿ, ಇಲ್ಲಿಂದ ಹೋಗುವವರ ಸಂಬಳ ಮೊದಲ ಅರ್ಜಿಯಲ್ಲಿ ಲೆಕ್ಕಕ್ಕೆ ಬರೋದಿಲ್ಲ, ಅಲ್ಲಿರುವವರದ್ದೇ ಬೇಕು. ಜೊತೆಗೆ ಇಂಗ್ಲಿಷ್ ಪರೀಕ್ಷೆ, ಟಿಬಿ ಪರೀಕ್ಷೆ, ಆರೋಗ್ಯದ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡ್. ಸ್ಪೌಸ್ ವೀಸಾ 33 ತಿಂಗಳು, ಕೆಲಸ ಮಾಡಬಹುದು. ಫಿಯಾನ್ಸೆ ವೀಸಾ, ಅಂದರೆ ಮದುವೆ ನಿಶ್ಚಯವಾದವರದು, ಆರು ತಿಂಗಳು, ಕೆಲಸ ಇಲ್ಲ, ಅಲ್ಲಿ ಮದುವೆಯಾಗಿ ಮತ್ತೆ ಪೂರ್ತಿ ಅರ್ಜಿ, ಮತ್ತೆ ಪೂರ್ತಿ ದುಡ್ಡು. ಇಲ್ಲೂ ಮದುವೆ ಮುಗಿಸಿ ಹೋಗುವುದೇ ಸೋವಿ.

ಕೆನಡಾದಲ್ಲಿ ಫಿಯಾನ್ಸೆ ಅಂತ ದಾರಿಯೇ ಇಲ್ಲ, ಸಾಮಾನ್ಯವಾಗಿ ಗಂಡ ಹೆಂಡತಿಗೆ ಕನಿಷ್ಠ ಆದಾಯದ ಪಟ್ಟಿಯೂ ಇಲ್ಲ. ಹೊರಗಿನಿಂದ ಹಾಕಿದ ಅರ್ಜಿ ತಿರಸ್ಕಾರವಾದರೆ ಮೇಲ್ಮನವಿ ಇದೆ, ಅಲ್ಲೇ ಇದ್ದು ಹಾಕಿದ್ದಕ್ಕೆ ಇಲ್ಲ, ಅದೊಂದು ನೆನಪಿರಲಿ. ಜರ್ಮನಿಗೆ ಹೋಗುವವರು ಹೆಚ್ಚಿನವರು ಎ1 ಮಟ್ಟದ ಜರ್ಮನ್ ಮೊದಲೇ ಪಾಸಾಗಬೇಕು. ಬ್ಲೂ ಕಾರ್ಡಿನವರ (ಉನ್ನತ ಓದಿನವರಿಗೆ ಅಲ್ಲಿ ಕೊಡುವ ಕೆಲಸದ ಪರವಾನಗಿ) ಹೆಂಡತಿಗೆ ಅದರಿಂದ ವಿನಾಯಿತಿ.

ಗಲ್ಫ್ ನನ್ನ ಸ್ವಂತ ಅನುಭವ. ಯುಎಇಯಲ್ಲಿ ಗಂಡನಿಗೆ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ಮತ್ತು ಕಂಪನಿಯ ಮನೆ ಇದ್ದರೆ ಹೆಂಡತಿಯನ್ನು ಕರೆಸಿಕೊಳ್ಳಬಹುದು. ದಾಖಲೆಗಳಲ್ಲಿ ಇದು ಎಲ್ಲಕ್ಕಿಂತ ಸುಲಭ. ಆದರೆ ಎಲ್ಲ ನಿಂತಿರುವುದು ಒಂದು ನೌಕರಿಯ ಮೇಲೆ. ನೌಕರಿ ಹೋದರೆ ಇಬ್ಬರ ವೀಸಾವೂ ಹೋಗುತ್ತದೆ. ಇಬ್ಬರೂ ಬೇರೆ ಬೇರೆ ದೇಶದವರಾಗಿದ್ದರೆ ಆ ದಿನ ಇಬ್ಬರೂ ಯಾವ ವಿಮಾನ ಹತ್ತುತ್ತೀರಿ? ಈ ಒಂದು ಪ್ರಶ್ನೆಗೇ ನಾವು ದುಬೈಯಲ್ಲಿ ಹಾಯಾಗಿದ್ದರೂ ಇಲ್ಲಿಯ ಓಸಿಐ ದಾರಿ ಹಿಡಿದೆವು.

ಹೆಸರು, ಊರು, ಕಾಗದ

ಯಾವ ದಾರಿ ಹಿಡಿದರೂ ಕೊನೆಗೆ ಕಾಲಿಗೆ ತೊಡರುವುದು ಹೆಸರು. ನನ್ನ ಜನನ ಪ್ರಮಾಣಪತ್ರದಲ್ಲಿ ಊರು ಗುಲಬರ್ಗಾ, ಆಧಾರಿನಲ್ಲಿ ಕಲಬುರಗಿ. 2014ರ ನವೆಂಬರ್ 1ರಂದು ಸರ್ಕಾರ ಹೆಸರು ಬದಲಿಸಿದ್ದು ನಮಗೆ ಗೊತ್ತು. ಇವಳ ದೇಶದವರಿಗೆ ಹೇಗೆ ಗೊತ್ತಿರಬೇಕು? ಎರಡೂ ಬೇರೆ ಊರು ಅಂತ ತಿಳಿದು ಎರಡೂ ಕಡೆಯ ವಾಸದ ದಾಖಲೆ ಕೇಳಿದರು. ಹೆಸರು ಬದಲಾದ ಅಧಿಸೂಚನೆಯ ಪ್ರತಿ, ಅದರ ಇಂಗ್ಲಿಷ್ ಅನುವಾದ ಒಂದು ಕವರಿನಲ್ಲಿ ಇಟ್ಟುಕೊಂಡಿರಿ, ನಾನಂತೂ ಮೂರು ಸಲ ಕೊಟ್ಟಿದ್ದೇನೆ.

ಮನುಷ್ಯರ ಹೆಸರು ಇನ್ನೂ ಕಷ್ಟ. ನಮ್ಮಲ್ಲಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಅಪ್ಪನ ಹೆಸರು ಸೇರಿಸಿ ಒಂದು, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಹಿಂದೆ ಮುಂದೆ. ಅರ್ಜಿ ಹಾಕುವ ಮೊದಲೇ ಎಲ್ಲವನ್ನೂ ಪಾಸ್‌ಪೋರ್ಟಿಗೆ ಸರಿಹೊಂದಿಸಿ. ಫಿಲಿಪ್ಪೀನ್ಸ್‌ನವರಲ್ಲಿ ನಡುವಿನ ಹೆಸರು ತಾಯಿಯ ತವರಿನದು. ಇಲ್ಲಿಯ ಫಾರಂನಲ್ಲಿ ನಡುವಿನ ಹೆಸರು ಅಂದರೆ ಅಪ್ಪನದು ಅಂತ ತಿಳಿದು ಟೈಪ್ ಮಾಡಿದವರು ನಮ್ಮ ಮಾವನವರ ಹೆಸರು ಹಾಕಿಬಿಟ್ಟಿದ್ದರು. ಸಹಿ ಹಾಕುವ ಮೊದಲು ಅವಳು ಓದಿದ್ದಕ್ಕೆ ಬಚಾವ್. ಮದುವೆ ಸರ್ಟಿಫಿಕೇಟನ್ನು ಕಚೇರಿಯಲ್ಲೇ ನಿಂತು ಅಕ್ಷರ ಅಕ್ಷರ ಓದಿ, ಮನೆಗೆ ತಂದ ಮೇಲೆ ತಿದ್ದಿಸುವುದು ಬೇರೆಯೇ ಪುರಾಣ. ಮತ್ತೆ, ಮದುವೆಯಾದ ಕೂಡಲೇ ಹೆಣ್ಣುಮಕ್ಕಳ ಹೆಸರು ಬದಲಿಸಲು ಓಡಬೇಡಿ. ಕಾನೂನು ಕೇಳುವುದಿಲ್ಲ, ಅತ್ತೆಮನೆಯವರು ಕೇಳುತ್ತಾರೆ ಅಷ್ಟೇ. ಅರ್ಜಿಯ ನಡುವೆ ಹೆಸರು ಬದಲಾದರೆ ಎಲ್ಲ ಕಾಗದವೂ ಹಳೆಯದಾಗುತ್ತದೆ.

ಸಂಬಂಧ ನಿಜ ಅನ್ನೋದಕ್ಕೆ ಸಾಕ್ಷಿ ಎಲ್ಲ ದೇಶದವರೂ ಕೇಳುತ್ತಾರೆ. ಬರೀ ಮದುವೆ ಫೋಟೋ ಸಾಲದು. ಜಂಟಿ ಬ್ಯಾಂಕ್ ಖಾತೆ, ದುಡ್ಡು ಕಳಿಸಿದ ರಸೀದಿ, ಒಟ್ಟಿಗೆ ಪ್ರಯಾಣ ಮಾಡಿದ ಟಿಕೆಟು, ಬಾಡಿಗೆ ಕರಾರು, ಇಬ್ಬರ ಮನೆಯವರೂ ಇರುವ ಫೋಟೋಗಳು, ತಾರೀಖು ಬರೆದು. ನಾವು ಮದುವೆಯಾದ ಮೇಲಿನ ಎರಡು ವರ್ಷದಲ್ಲಿ ಮೂರು ತಿಂಗಳಿಗೊಂದು ಫೋಟೋ ಅಂತ ತೆಗೆದಿಟ್ಟಿದ್ದೆವು. ಬಂದೇನವಾಜ್ ಉರುಸು, ಶರಣಬಸವೇಶ್ವರ ಜಾತ್ರೆ, ಬುದ್ಧ ವಿಹಾರದ ಮೆಟ್ಟಿಲು, ಮೇ ತಿಂಗಳ ಬಿಸಿಲಲ್ಲಿ ತಲೆ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಕೂತ ನನ್ನ ಹೆಂಡತಿ. ಕೊನೆಯದನ್ನು ಫೈಲಿನಲ್ಲಿ ಹಾಕಬೇಡ ಅಂತ ಜಗಳ ಮಾಡಿದಳು, ಆದರೂ ಹಾಕಿದೆ.

ಓಸಿಐ ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ. ಅವರ ದೇಶದ ಪಾಸ್‌ಪೋರ್ಟ್ ಹೊಸದಾದಾಗಲೆಲ್ಲ ಅದರ ಪ್ರತಿ, ಹೊಸ ಫೋಟೋ, ಮದುವೆ ಇನ್ನೂ ಇದೆ ಅನ್ನೋ ಘೋಷಣೆ, ಮೂರೂ ಮೂರು ತಿಂಗಳೊಳಗೆ ಜಾಲತಾಣಕ್ಕೆ ಏರಿಸಬೇಕು. ಇವಳ ಪಾಸ್‌ಪೋರ್ಟ್ 2028ಕ್ಕೆ ಮುಗಿಯುತ್ತದೆ. ಅವ್ವ ಅದನ್ನು ಅಡುಗೆಮನೆಯ ಗೋಡೆ ಮೇಲೆ, ಹಾಲಿನ ಲೆಕ್ಕದ ಪಕ್ಕ, ಸೀಮೆಸುಣ್ಣದಲ್ಲಿ ಬರೆದಿದ್ದಾಳೆ.